ಕಾಲಿನ ಖಾತೆ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಪೆಲಿಕನ್ ಹಕ್ಕಿ.

ಸುಜಿತ್‌ನ ಕಾರಿನ ಹಿಂಗಾಜಿನ ಮೇಲೆ ಅದು ಅಂಗೈಯಗಲಕ್ಕೆ ಕೊಕ್ಕು ತೆರೆದು ಕೂತಿತ್ತು. ಲಾಸ್ ಏಂಜಲಿಸ್‌ನಲ್ಲಿ ಅವನು ಕೋಚ್ ಆಗಿದ್ದ ಕಾಲೇಜಿನ ಫುಟ್‌ಬಾಲ್ ತಂಡದ ಗುರುತು. ಬೆಳಿಗ್ಗೆ ಎದ್ದವನೇ ಅದರ ಮೇಲೆ ಬಿಸಿನೀರು ಸುರಿದ, ಉಗುರಿನಿಂದ ಕೆರೆದ, ಹೆಂಡತಿ ಶ್ರೀಜಾಳ ಹೇರ್ ಡ್ರೈಯರ್ ತಂದು ಊದಿದ. ಅರ್ಧ ಕೊಕ್ಕು ಮಾತ್ರ ಕಿತ್ತು ಬಂತು. ಈಗ ಹಕ್ಕಿ ಅವನನ್ನೇ ನೋಡಿ ಹಲ್ಲು ಕಿರಿದ ಹಾಗೆ ಕಾಣಿಸಿತು.

ಈ ಹಕ್ಕಿಯನ್ನು ಹೊತ್ತುಕೊಂಡು ಅವತ್ತು ಅವನು ಸ್ಯಾನ್ ಡಿಯಾಗೊದ ಎದುರಾಳಿ ಕಾಲೇಜಿಗೆ ಇಂಟರ್‌ವ್ಯೂಗೆ ಹೋಗುವ ಹಾಗಿರಲಿಲ್ಲ. ಕೋಚ್‌ಗಳ ಲೋಕದಲ್ಲಿ ಇನ್ನೊಬ್ಬರ ಬಾಗಿಲು ತಟ್ಟಿದ್ದು ಗೊತ್ತಾದರೆ ಇರುವ ಬಾಗಿಲು ಅವತ್ತೇ ಮುಚ್ಚುತ್ತದೆ.

"ಸ್ಯಾನ್ ಡಿಯಾಗೊ ಆದ್ರೆ ಸರಿ," ಅಂದಿದ್ದಳು ಶ್ರೀಜಾ, ಬರ್ಬ್ಯಾಂಕಿನ ಸ್ಟುಡಿಯೊಗೆ ಕೆಲಸಕ್ಕೆ ಹೊರಡುತ್ತ. "ಆಗದಿದ್ರೆ ಅಪ್ಪನ ಆಫೀಸಿನ ಕುರ್ಚಿ. ಇನ್ನು ಹಿಮ ಬೀಳುವ ಊರಿಗೆ ಸಾಮಾನು ಕಟ್ಟಿಕೊಂಡು ನಾನಂತೂ ಬರುದಿಲ್ಲ ಮಾರಾಯ."

ಆ ಕುರ್ಚಿಯ ವಿಷಯ ಹೇಳಲೇಬೇಕು. ಸುಜಿತ್‌ನ ಮಾವ ಮೋಹನದಾಸ ಸ್ಯಾನ್ ಪೀಡ್ರೊ ಬಂದರಿನಲ್ಲಿ ಹಡಗಿನ ಸರಕು ಬಿಡಿಸಿಕೊಡುವ ಆಫೀಸು ನಡೆಸುತ್ತಿದ್ದರು. ಮದುವೆಯಾದ ವರ್ಷವೇ ಅಳಿಯನಿಗೆಂದು ಒಂದು ತಿರುಗುವ ಕುರ್ಚಿ ತರಿಸಿದ್ದರು. ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಇವತ್ತಿನವರೆಗೂ ತೆಗೆದಿರಲಿಲ್ಲ. ಸುಜಿತ್ ಪ್ರತಿ ಸಲ ಕೆಲಸ ಕಳೆದುಕೊಂಡಾಗಲೂ ಅವರು ಆ ಪ್ಲಾಸ್ಟಿಕ್ ಮೇಲಿನ ಧೂಳು ಒರೆಸುತ್ತಿದ್ದರು. ಅಳಿಯನಿಗೆ ಆ ಕುರ್ಚಿ ಕನಸಿನಲ್ಲಿ ಬರುತ್ತಿತ್ತು, ಪರಪರ ಸದ್ದು ಮಾಡುತ್ತ.

ಅವನ ಉದ್ಯೋಗವೇ ಅಂಥದ್ದು. ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ ಆಟದಲ್ಲಿ ಚೆಂಡು ಬಹುಪಾಲು ಕೈಯಲ್ಲೇ ಇರುತ್ತದೆ. ಎಸೆಯುತ್ತಾರೆ, ಅಪ್ಪಿಕೊಂಡು ಓಡುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಬೇರೆ ದಾರಿ ಇಲ್ಲದಾಗ ಮಾತ್ರ ಚೆಂಡಿಗೆ ಕಾಲು ತಾಗುತ್ತದೆ. ಆಗ ಮೈದಾನಕ್ಕೆ ಇಳಿಯುವ ದಂಡಿಗೆ ಸ್ಪೆಷಲ್ ಟೀಮ್ ಎಂದು ಹೆಸರು. ಸ್ಪೆಷಲ್ ಅನ್ನುವುದು ಹೆಸರಿಗಷ್ಟೆ. ಉಳಿದವರಿಗೆ ಬೇಡವಾಗಿ ಬೆಂಚು ಬಿಸಿ ಮಾಡುತ್ತಿದ್ದವರನ್ನೆಲ್ಲ ಒಟ್ಟುಹಾಕಿ, ಹೋಗಿ ಡಿಕ್ಕಿ ಹೊಡೆಯಿರಿ ಅಂತ ಅಟ್ಟುವುದು. ಗೆದ್ದರೆ ಚೆಂಡು ಎಸೆದವನ ಫೋಟೋ. ಸೋತರೆ ಒದ್ದವನ ತಪ್ಪು. ಮನುಷ್ಯರನ್ನು ತಲೆ, ತೋಳು, ತೊಡೆ, ಕಾಲು ಅಂತ ಹಂಚಿ, ಕಾಲಿನ ಪಾಲಿನವರನ್ನು ಅಂಗಳದಲ್ಲೇ ನಿಲ್ಲಿಸುವ ಬುದ್ಧಿ ನಮ್ಮದು ಮಾತ್ರ ಅಂತ ನಾವು ತಿಳಿದುಕೊಂಡಿದ್ದೇವೆ. ಅದು ಎಂದೋ ವೀಸಾ ಇಲ್ಲದೆ ಸಮುದ್ರ ದಾಟಿಯಾಗಿದೆ.

ಈ ಕಾಲಿನ ಖಾತೆಯೇ ಸುಜಿತ್‌ನದು. ಮಂಗಳೂರಿನ ಮೈದಾನದಲ್ಲಿ ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದವನು ಅಪ್ಪ ಅಮ್ಮನ ಜೊತೆ ಇಲ್ಲಿಗೆ ಬಂದ. ಆ ಕಾಲಿನ ದಯೆಯಿಂದ ಕಾಲೇಜು ಮುಗಿಸಿ ಕೋಚ್ ಆದ. ಆಮೇಲೆ ಶುರುವಾಯಿತು ಅಲೆದಾಟ. ಹೆಡ್ ಕೋಚ್‌ನನ್ನು ತೆಗೆದರೆ ಕೆಳಗಿನವರೆಲ್ಲರೂ ಅವನ ಜೊತೆ ಗುಳೆ ಏಳಬೇಕು. ಹೊಸಬ ತನ್ನ ದಂಡು ತರುತ್ತಾನೆ. ಕೋವಿಡ್ ವರ್ಷದಲ್ಲಿ ಗ್ಯಾಲರಿಯಲ್ಲಿ ಜನರ ಬದಲು ರಟ್ಟಿನ ಬೊಂಬೆ ನಿಲ್ಲಿಸಿ ಆಡಿಸಿದರು. ಬೊಂಬೆಗಳ ಎದುರು ಸೋತದ್ದಕ್ಕೂ ತೆಗೆದದ್ದು ಸುಜಿತ್‌ನನ್ನೇ.

ಈಗಿನ ಹೆಡ್ ಕೋಚ್ ಬ್ರಿಗ್ಸ್ ಬಾಗಿಲಿಗಿಂತ ಒಂದು ಗೇಣು ಎತ್ತರ, ಎರಡು ಗೇಣು ಅಗಲದ ಮನುಷ್ಯ. ಕೊನೆಯ ಪಂದ್ಯದಲ್ಲಿ ಸುಜಿತ್ "ಗಾಳಿ ಎದುರಿಗಿದೆ, ಬೇಡ" ಅಂತ ಬೇಡಿಕೊಂಡರೂ ಕೇಳದೆ ಒದೆಸಿದ. ಚೆಂಡು ಕಂಬಕ್ಕೆ ಬಡಿದು ವಾಪಸು ಬಂತು. ಬ್ರಿಗ್ಸ್ ಪತ್ರಕರ್ತರ ಮುಂದೆ ಸುಜಿತ್‌ನತ್ತ ಕೈ ತೋರಿಸಿ "ಸ್ಪೆಷಲ್ ಟೀಮ್ ನಮ್ಮನ್ನು ಮುಳುಗಿಸಿತು" ಅಂದ. ಅವತ್ತು ಮಧ್ಯಾಹ್ನವಷ್ಟೇ ಸುಜಿತ್‌ನ ಡಬ್ಬಿಯಿಂದ ಬನ್ಸ್ ಎತ್ತಿ ತಿಂದಿದ್ದ ಕೈ ಅದು. ಅತ್ತೆ ಪುಷ್ಪಾವತಿ ಮಾಡುವ ಬಾಳೆಹಣ್ಣಿನ ಬನ್ಸ್ ಎಂದರೆ ಅವನಿಗೆ ಪ್ರಾಣ. ಎರಡು ವರ್ಷದಿಂದ ಸುಜಿತ್ ತನ್ನ ಡಬ್ಬಿಯ ತಳ ನೋಡಿದ್ದಾನೆಯೇ ಹೊರತು ಬನ್ಸ್ ನೋಡಿದ್ದಿಲ್ಲ.

ಸರಿ. ಪೆಲಿಕನ್ ಬಿಟ್ಟು ಅತ್ತೆಯ ಕಾರು ತೆಗೆದುಕೊಂಡು ಹೋಗುವುದೆಂದು ಸುಜಿತ್ ತೀರ್ಮಾನಿಸಿದ. ಲಾಸ್ ಏಂಜಲಿಸ್ ಪಕ್ಕದ ವಾಲ್‌ನಟ್‌ನಲ್ಲಿ ಅವರೆಲ್ಲ ಇದ್ದದ್ದು ಮಾವನ ಮನೆಯಲ್ಲೇ. ಮೊದಲು ಅಂಗಳಕ್ಕೆ ಹೋಗಿ ಬ್ರಿಗ್ಸ್‌ಗೆ ಫೋನ್ ಮಾಡಿದ.

"ಕೋಚ್, ಇವತ್ತು ರಜ ಬೇಕು. ಅತ್ತೆಗೆ ಕಣ್ಣಿನ ಆಪರೇಷನ್."

"ಪಾಪ, ಹೋಗಿ ಬಾ," ಅಂದ ಬ್ರಿಗ್ಸ್, ಯಾವತ್ತೂ ಇಲ್ಲದಷ್ಟು ಮೃದುವಾಗಿ. "ನಾನೂ ಇವತ್ತು ಇರುವುದಿಲ್ಲ. ಹಲ್ಲಿನ ಡಾಕ್ಟರ್ ಹತ್ತಿರ ಹೋಗಬೇಕು. ರೂಟ್ ಕೆನಾಲ್."

ಸುಜಿತ್ ಫೋನ್ ಇಟ್ಟು ತಿರುಗಿದರೆ ಹಿಂದೆ ಪುಷ್ಪಾವತಿ, ಕೈಯಲ್ಲಿ ಜಾಲರಿ ಸೌಟು.

"ನನ್ನ ಕಣ್ಣಿಗೆ ಎಂತದು ಆಪರೇಷನ್? ಆಚೆ ಬೀದಿಯ ಕಾರಿನ ನಂಬರು ಓದ್ತೇನೆ ನಾನು ಇಲ್ಲಿಂದ!"

ಬೇರೆ ದಾರಿಯಿಲ್ಲದೆ ಸುಜಿತ್ ಎಲ್ಲವನ್ನೂ ಹೇಳಿದ. "ಅತ್ತೆ, ದಮ್ಮಯ್ಯ, ಯಾರಿಗೂ ಹೇಳ್ಬೇಡಿ. ಬ್ರಿಗ್ಸ್‌ಗೆ ಗೊತ್ತಾದ್ರೆ ಇವತ್ತೇ ಮನೆಗೆ ಕಳಿಸ್ತಾನೆ."

"ಮನೆಯಲ್ಲೇ ಇದ್ದೀರಲ್ಲ," ಅಂದರು ಅತ್ತೆ. "ನಾನು ಯಾರಿಗೆ ಹೇಳ್ಲಿಕ್ಕುಂಟು? ಇರಿ, ಸೀರೆ ಉಟ್ಟು ಬರ್ತೇನೆ."

"ನೀವು ಎಲ್ಲಿಗೆ?"

"ಆಪರೇಷನ್ ನನ್ನದಲ್ವಾ? ನಾನಿಲ್ಲದೆ ಹೇಗೆ ಆಗುದು?"

ಬಿಸಿ ಬನ್ಸಿನ ಸ್ಟೀಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಪುಷ್ಪಾವತಿ ಮುಂದಿನ ಸೀಟಿನಲ್ಲಿ ಕೂತರು. ಕಾರು ಫ್ರೀವೇ ಹತ್ತಿತು.

ಅರ್ವೈನ್ ಹತ್ತಿರ ಪೆಟ್ರೋಲ್ ಹಾಕಿಸಲು ನಿಂತದ್ದೇ ತಪ್ಪಾಯಿತು. ಅವನು ವಾಪಸು ಬಂದು ಕೂರುವಷ್ಟರಲ್ಲಿ ಅತ್ತೆ ಫೋನನ್ನು ಸೆರಗಿನಡಿ ಸೇರಿಸುತ್ತಿದ್ದರು.

"ಯಾರಿಗೆ ಅತ್ತೆ ಫೋನು?"

"ವತ್ಸಲಾಗೆ. ಸ್ಯಾನ್ ಡಿಯಾಗೊದ ಕನ್ನಡ ಬಳಗದವಳು. ಒಂದು ತುಪ್ಪದ ದೀಪ ಹಚ್ಚು ಮಾರಾಯ್ತಿ ಅಂದೆ, ಅಷ್ಟೇ. ಯಾಕೆ ಅಂತ ಕೇಳಿದಳು. ದೇವರ ವಿಷಯದಲ್ಲಿ ಸುಳ್ಳು ಹೇಳ್ಲಿಕ್ಕಾಗ್ತದಾ?"

ಸ್ಯಾನ್ ಕ್ಲೆಮೆಂಟೆಯಲ್ಲಿ ಸಮುದ್ರ ಕಾಣಿಸುವ ಹೊತ್ತಿಗೆ ಸುಜಿತ್‌ನ ಫೋನು ಕಾದೆಣ್ಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಅನ್ನತೊಡಗಿತ್ತು. ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಅವನ ಮದುವೆಯ ಫೋಟೋ, ಬಾಸಿಂಗ ಸಮೇತ. ಕೆಳಗೆ "ಸ್ಯಾನ್ ಡಿಯಾಗೊ ಕಾಲೇಜಿನ ಕೋಚ್ ಆಗಿ ಆಯ್ಕೆಯಾದ ನಮ್ಮ ಹೆಮ್ಮೆಯ ಸುಜಿತ್." ಓಷನ್‌ಸೈಡ್ ದಾಟುವಾಗ ಅವನು "ಅಮೆರಿಕದ ಮೊದಲ ಕನ್ನಡಿಗ ಹೆಡ್ ಕೋಚ್" ಆಗಿದ್ದ. ಅದನ್ನು ರಾಕೇಶ್ ಎಂಬ ಉತ್ಸಾಹಿ ಫೇಸ್‌ಬುಕ್ಕಿಗೂ ಏರಿಸಿ, ಅಷ್ಟು ಸಾಲದೆಂದು ಲಾಸ್ ಏಂಜಲಿಸ್‌ನ ಪೆಲಿಕನ್ ತಂಡದ ಪುಟಕ್ಕೇ ಟ್ಯಾಗ್ ಮಾಡಿದ್ದ. ಪುಷ್ಪಾವತಿ ಓದಿ ಹೇಳುತ್ತಿದ್ದರು, ಸುಜಿತ್‌ನ ಕಾಲು ಬ್ರೇಕಿನ ಮೇಲೋ ಆಕ್ಸಿಲರೇಟರ್ ಮೇಲೋ ಅವನಿಗೇ ತಿಳಿಯುತ್ತಿರಲಿಲ್ಲ.

ಆಗ ಬಂತು ಶಿವಲಿಂಗಯ್ಯನವರ ಫೋನು. ಗದಗದ ಕಡೆಯವರು, ಟೆಲಿಕಾಂ ಕಂಪನಿಯಿಂದ ಇತ್ತೀಚೆಗೆ ನಿವೃತ್ತರಾಗಿದ್ದರು, ಬಳಗದ ಅಧ್ಯಕ್ಷರು. ನವೆಂಬರಿನ ರಾಜ್ಯೋತ್ಸವಕ್ಕೆ ತರಿಸಿದ್ದ ಒಂದು ಮೈಸೂರು ಪೇಟ, ಒಂದು ಶಾಲು, ಒಂದು ಗಂಧದ ಹಾರ ಅವರ ಗ್ಯಾರೇಜಿನಲ್ಲಿ ಹಾಗೇ ಕೂತಿದ್ದವು. ಮುಖ್ಯ ಅತಿಥಿ ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದ. ಅಂದಿನಿಂದ ಆ ಪೇಟಕ್ಕೆ ತಕ್ಕ ಒಂದು ತಲೆಯನ್ನು ಅವರು ಹುಡುಕುತ್ತಲೇ ಇದ್ದರು.

"ನಮಸ್ಕಾರ್ರೀ ಕೋಚ್ ಸಾಹೇಬ್ರ! ಕನ್ನಡಿಗ್ರ ಮಾನ ಉಳಿಸಿದ್ರಿ ನೋಡ್ರಿ!"

"ಸರ್, ಇನ್ನೂ ಇಂಟರ್‌ವ್ಯೂನೇ ಆಗಿಲ್ಲ. ಕೆಲಸ ಆಗ್ದೇನೂ ಇರ್ಬಹುದು."

"ಆಗದ ಏನ್ ಮಾಡ್ತೈತ್ರಿ? ಮೊದ್ಲ ಸನ್ಮಾನ ಆಗ್ಬಿಟ್ರ ಕೆಲಸ ನಾಚಿಕೊಂಡಾದ್ರೂ ಹಿಂದಿಂದ ಬರ್ತೈತಿ."

"ಬೇಡಿ ಸರ್, ಕೈ ಮುಗೀತೀನಿ. ಇದು ಗುಟ್ಟು."

"ಗುಟ್ಟ ಇರ್ಲಿ ಬಿಡ್ರಿ. ನಾವೂ ಗುಟ್ಟಾಗೇ ಬರ್ತೀವಿ. ಡೊಳ್ಳ ಒಂದ ತರ್ತೀವಿ, ಅಷ್ಟ."

"ಅವರಿಗೆ ಜಾಗ ಗೊತ್ತಿಲ್ಲ, ಪುಣ್ಯ," ಅಂತ ಸುಜಿತ್ ಉಸಿರುಬಿಟ್ಟ.

ಪುಷ್ಪಾವತಿ ಕಿಟಕಿಯ ಕಡೆ ತಿರುಗಿ ಸಮುದ್ರ ನೋಡಿದರು. "ವತ್ಸಲಾಗೆ ಲೊಕೇಶನ್ ಹಾಕಿದ್ದೆ. ನಾವು ಕ್ಷೇಮವಾಗಿ ತಲುಪಿದ್ದು ಗೊತ್ತಾಗ್ಲಿ ಅಂತ."

ಕಾಲೇಜು ತಲುಪಿದಾಗ ಪಾರ್ಕಿಂಗಿನಲ್ಲಿ ಬಳಗದವರು ಯಾರೂ ಕಾಣಲಿಲ್ಲ. ಸುಜಿತ್ ಅತ್ತೆಯನ್ನು ಕಾರಿನಲ್ಲೇ ಕೂರಿಸಿ, "ದಯವಿಟ್ಟು ನಿದ್ದೆ ಮಾಡಿ," ಅಂತ ಬೇಡಿಕೊಂಡು ಎರಡನೆಯ ಮಹಡಿಗೆ ಓಡಿದ.

ಕ್ರೀಡಾ ವಿಭಾಗದ ನಿರ್ದೇಶಕಿ ಒರ್ಟೇಗಾ ಸಣ್ಣ ಮೈಕಟ್ಟಿನ, ಚೂಪು ನೋಟದ ಹೆಂಗಸು. ಅವನ ಸೋಲು ಗೆಲುವಿನ ಲೆಕ್ಕ ಕೇಳಲಿಲ್ಲ. "ಸ್ಪೆಷಲ್ ಟೀಮ್ ಕೋಚ್ ಅಂದರೆ ಏನು ಕೆಲಸ? ನನ್ನ ಅಜ್ಜಿಗೆ ಹೇಳುವ ಹಾಗೆ ಹೇಳಿ," ಅಂದರು.

ಸುಜಿತ್ ಕಾರಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು.

"ನನ್ನ ಹತ್ತಿರ ಬರುವವರು ಯಾರಿಗೂ ಬೇಡದವರು ಮೇಡಂ," ಅಂದ. "ಇವನು ಕುಳ್ಳ, ಇವನು ನಿಧಾನ, ಇವನು ಮುಂದಿನ ವರ್ಷಕ್ಕೆ ನೋಡೋಣ ಅಂತ ಬದಿಗಿಟ್ಟವರು. ಇಡೀ ಪಂದ್ಯದಲ್ಲಿ ಅವರಿಗೆ ಸಿಗುವುದು ಕೆಲವೇ ಉಸಿರಿನಷ್ಟು ಹೊತ್ತು. ಆ ಹೊತ್ತಿನಲ್ಲಿ ತಾನಿಲ್ಲದೆ ಈ ತಂಡ ನಡೆಯುವುದಿಲ್ಲ ಅಂತ ಅವನಿಗೆ ಅನ್ನಿಸಬೇಕು. ಅದನ್ನು ಅನ್ನಿಸುವುದು ನನ್ನ ಕೆಲಸ. ಚೆಂಡು ಒದೆಯುವುದನ್ನು ಯಾರು ಬೇಕಾದರೂ ಕಲಿಸುತ್ತಾರೆ."

ಒರ್ಟೇಗಾ ಪೆನ್ನು ಕೆಳಗಿಟ್ಟರು. "ಈ ಹುದ್ದೆ ಒಂದು ದತ್ತಿಯದು. ನಮ್ಮ ಹಳೆಯ ಕಿಕ್ಕರ್ ಒಬ್ಬರು ಬಿಟ್ಟುಹೋದದ್ದು. ಅವರನ್ನೂ ಹೆಡ್ ಕೋಚ್‌ಗಳು ಬಹಳ ಗೋಳು ಹೊಯ್ದುಕೊಂಡಿದ್ದರಂತೆ. ಅದಕ್ಕೇ ಷರತ್ತು ಹಾಕಿದ್ದಾರೆ. ಮೂರು ವರ್ಷ, ಯಾವ ಹೆಡ್ ಕೋಚ್ ಬರಲಿ, ಹೋಗಲಿ, ನಿಮ್ಮನ್ನು ತೆಗೆಯುವ ಹಾಗಿಲ್ಲ. ನೀವೂ ಬಿಟ್ಟುಹೋಗುವ ಹಾಗಿಲ್ಲ. ಒಪ್ಪಿಗೆಯೇ?"

ತೆಗೆಯುವ ಹಾಗಿಲ್ಲ! ಸುಜಿತ್‌ನ ಕಿವಿಯಲ್ಲಿ ಡೊಳ್ಳು ಬಾರಿಸಿದ ಹಾಗಾಯಿತು. ಮರುಕ್ಷಣವೇ ಅದು ತನ್ನ ಕಿವಿಯೊಳಗಿನದಲ್ಲ, ಕಿಟಕಿಯ ಹೊರಗಿನದು ಅಂತ ತಿಳಿಯಿತು.

ಕೆಳಗೆ ಹಳದಿ ಕೆಂಪು ಬಾವುಟ. ರೇಷ್ಮೆ ಸೀರೆಗಳು. ಜುಬ್ಬಾ ತೊಟ್ಟ ಶಿವಲಿಂಗಯ್ಯ. ನಡುವೆ ತಲೆಗೆ ಮೈಸೂರು ಪೇಟ, ಕುತ್ತಿಗೆಗೆ ಗಂಧದ ಹಾರ, ಹೆಗಲಿಗೆ ಶಾಲು ಹೊದ್ದು, ಬಾಗಿಲಿಗಿಂತ ಒಂದು ಗೇಣು ಎತ್ತರದ ಒಬ್ಬ ಮನುಷ್ಯ.

ಬ್ರಿಗ್ಸ್!

ಸುಜಿತ್ ಮೇಜಿನ ಕೆಳಗೆ ಹೋದ.

"ಏನಾಯಿತು?"

"ಶೂ ಲೇಸು," ಅಂತ ಮೇಜಿನಡಿಯಿಂದ ದನಿ ಬಂತು. ಅವನ ಶೂಗೆ ಲೇಸೇ ಇರಲಿಲ್ಲ.

ಎಲ್ಲ ಸ್ಪಷ್ಟವಾಯಿತು. ರಾಕೇಶನ ಟ್ಯಾಗು ಬ್ರಿಗ್ಸ್‌ಗೆ ತಲುಪಿದೆ. ಹಲ್ಲಿನ ಡಾಕ್ಟರನ್ನು ಬಿಟ್ಟು ಬೇಟೆಗೆ ಬಂದಿದ್ದಾನೆ. ಲಾಸ್ ಏಂಜಲಿಸ್‌ನ ಕೆಲಸ ಮುಗಿಯಿತು. ಇನ್ನು ಉಳಿದದ್ದು ಇದು, ಇಲ್ಲವೇ ಪರಪರ ಕುರ್ಚಿ. ಅವನು ಮೇಜಿನಡಿಯಿಂದಲೇ ಕೈ ಚಾಚಿದ. "ಮೇಡಂ, ಎಲ್ಲಿ ಸೈನ್ ಮಾಡಬೇಕು?"

ಸೈನ್ ಮಾಡಿದ ಮೇಲೆ ಮೈಗೆ ಬೇರೆಯೇ ಬಲ ಬಂತು. ಇನ್ನು ಬ್ರಿಗ್ಸ್ ಎಂಬ ಪ್ರಾಣಿ ತನ್ನನ್ನು ಏನೂ ಮಾಡಲಾರದು. ಎದೆ ಸೆಟೆಸಿಕೊಂಡು ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಿನಲ್ಲಿ ಎದೆ ಸ್ವಲ್ಪ ಇಳಿಯಿತು.

ಶಿವಲಿಂಗಯ್ಯ ಓಡಿಬಂದು ಅವನ ಕೈ ಹಿಡಿದರು. "ಬರ್ರಿ ಬರ್ರಿ ಸಾಹೇಬ್ರ! ತಪ್ಪ ತಿಳ್ಕೋಬ್ಯಾಡ್ರಿ. ಪೇಟ ನಿಮಗಂತ್ಲೇ ತಂದಿದ್ವಿ. ಅಷ್ಟ್ರಾಗ ಇವರು ಹೊರಗ ಬಂದ್ರು. ಕೋಚ್ ಏನ್ರೀ ಅಂತ ಕೇಳಿದ್ವಿ, ನಾನೇ ಹೆಡ್ ಕೋಚ್ ಅಂದ್ರು. ದೊಡ್ಡೋರ್ ಎದುರಿಗೆ ನಿಂತಿರುವಾಗ ಅವ್ರನ್ನ ಬಿಟ್ಟ ನಿಮಗ ಹಾಕಿದ್ರ ಚೊಲೋ ಕಾಣ್ತೈತೇನ್ರಿ?"

"ಒಂದೇ ಪೇಟ ಇದ್ದದ್ದು," ಅಂದಳು ವತ್ಸಲಾ, ಮುಖ ಸಣ್ಣದು ಮಾಡಿಕೊಂಡು. "ನಿಮಗೆ ತೆಂಗಿನಕಾಯಿ ಇದೆ."

ಅದು ನಮ್ಮ ಜನ. ಕಾಲಿನವನನ್ನು ಹುಡುಕಿಕೊಂಡು ಅಷ್ಟು ದೂರ ಬಂದು, ತಲೆ ಕಂಡದ್ದೇ ಪೇಟ ತೊಡಿಸಿದ್ದರು.

ಡೊಳ್ಳಿಗೆ ಎಚ್ಚರಾಗಿ ಕಾರಿನಿಂದ ಇಳಿದ ಪುಷ್ಪಾವತಿ ಬ್ರಿಗ್ಸ್‌ನನ್ನು ಕಂಡರು. ಒಂದು ಸಲ ಮನೆಗೆ ಊಟಕ್ಕೆ ಬಂದಿದ್ದವನು, ಗುರುತು ಹತ್ತಿತು. ಕೂಡಲೇ ಅಳಿಯನ ಮಾನ ಕಾಯಲು ಸೆರಗಿನಿಂದ ಬಲಗಣ್ಣು ಮುಚ್ಚಿಕೊಂಡು, ಒಂದು ಕೈ ಮುಂದೆ ಚಾಚಿ ತಡಕಾಡುತ್ತ ನಡೆದು ಬಂದರು.

ಬ್ರಿಗ್ಸ್ ಸುಜಿತ್‌ನನ್ನು ಕಂಡ. ಅವನ ಮುಖದ ನಗು ಮಾಯವಾಯಿತು. ಸುಜಿತ್ ನಿರೀಕ್ಷಿಸಿದ್ದು ಬೈಗುಳವನ್ನು. ಬ್ರಿಗ್ಸ್ ಮಾಡಿದ್ದು, ಪಟ್ಟನೆ ಎಡಗೆನ್ನೆ ಹಿಡಿದುಕೊಂಡದ್ದು.

"ಆಪರೇಷನ್ ಹೇಗಾಯಿತು?" ಅಂದ ಬ್ರಿಗ್ಸ್, ಬಾಯಿಯ ಅರ್ಧದಿಂದ.

"ಚೆನ್ನಾಗಿ ಆಯಿತು. ನಿಮ್ಮ ಹಲ್ಲು?"

"ಅದೂ ಆಯಿತು."

ಡೊಳ್ಳು ನಿಂತಿತು. ಅತ್ತೆ ದಣಿದು ಮುಚ್ಚಿದ ಕಣ್ಣು ಬದಲಾಯಿಸಿದರು, ಈಗ ಎಡಗಣ್ಣು. ಅದನ್ನು ನೋಡಿದ ಬ್ರಿಗ್ಸ್ ತಾನೂ ಬಲಗೆನ್ನೆಗೆ ಕೈ ಬದಲಾಯಿಸಿದ.

"ಕಣ್ಣಿನ ಡಾಕ್ಟರ್ ಸ್ಯಾನ್ ಡಿಯಾಗೊದಲ್ಲಾ?" ಅಂತ ಕೇಳಿದ.

"ಹಲ್ಲಿನ ಡಾಕ್ಟರ್ ಪಕ್ಕದಲ್ಲೇ," ಅಂದ ಸುಜಿತ್.

ಇಬ್ಬರೂ ನೆಲ ನೋಡುತ್ತಿರುವಾಗ ಒರ್ಟೇಗಾ ಮೆಟ್ಟಿಲಿಳಿದು ಬಂದರು. "ಓ, ಇಬ್ಬರೂ ಇಲ್ಲೇ ಇದ್ದೀರಿ! ಕೋಚ್ ಬ್ರಿಗ್ಸ್, ಬೆಳಿಗ್ಗೆ ಸಮಿತಿಯವರ ಮುಂದೆ ನೀವು ಸಹಿ ಮಾಡುವಾಗ ಸ್ಪೆಷಲ್ ಟೀಮ್ ಯಾರ ಕೈಗೆ ಅಂತ ಕೇಳಿದಿರಲ್ಲ, ಇವರೇ. ಸುಜಿತ್, ಇವರು ನಮ್ಮ ಹೊಸ ಹೆಡ್ ಕೋಚ್. ನಿಮಗೆ ಪರಿಚಯ ಇರಬೇಕಲ್ಲ? ಮೂರು ವರ್ಷ ಯಾರೂ ಯಾರನ್ನೂ ಬಿಡುವ ಹಾಗಿಲ್ಲ!"

ಪೆಸಿಫಿಕ್ ಸಾಗರದ ಎದುರುಗಾಳಿ ಒಮ್ಮೆ ಜೋರಾಗಿ ಬೀಸಿತು.

ಬ್ರಿಗ್ಸ್ ಮೆಲ್ಲನೆ ಕೆನ್ನೆಯಿಂದ ಕೈ ತೆಗೆದ. ಸುಜಿತ್‌ನನ್ನು ನೋಡಿದ, ಅತ್ತೆಯನ್ನು ನೋಡಿದ, ಅತ್ತೆಯ ಕೈಯ ಸ್ಟೀಲ್ ಡಬ್ಬಿಯನ್ನು ನೋಡಿದ. ಅವನ ಮುಖ ಹುಣ್ಣಿಮೆಯಂತೆ ಅರಳಿತು. "ಇಲ್ಲಿಗೆ ಬಂದರೆ ಈ ಬನ್ಸ್ ತಪ್ಪಿಹೋಗುತ್ತದಲ್ಲ ಅನ್ನುವುದೊಂದೇ ನನಗಿದ್ದ ಚಿಂತೆ," ಅಂತ ಸುಜಿತ್‌ನನ್ನು ಅಪ್ಪಿ ನೆಲದಿಂದೆತ್ತಿದ. ಎತ್ತಿದ ಕೈ ಹಾಗೇ ಮುಂದೆ ಹೋಗಿ ಡಬ್ಬಿಯ ಮುಚ್ಚಳ ತೆಗೆಯಿತು. "ಈ ಸ್ವಾಗತಕ್ಕೆ ವ್ಯವಸ್ಥೆ ಮಾಡಿದವನೂ ನೀನೇ ಅಲ್ಲವೇ? ಒಳ್ಳೆಯ ಹುಡುಗ. ಮುಂದಿನ ವರ್ಷ ನೀನು ಗಾಳಿ ಅಂದರೆ ನಾನು ಕೇಳುತ್ತೇನೆ." ಬನ್ಸ್ ತುಂಬಿದ ಬಾಯಿಯಿಂದ ಬಂದ ಆ ಮಾತಿನಲ್ಲಿ ನಿಜವಾದ ಪ್ರೀತಿಯೂ ಇತ್ತು. ಸುಜಿತ್‌ಗೆ ಸಿಟ್ಟು ಬರಲೂ ಬಿಡದ ತೊಂದರೆ ಅದು.

"ಪಾಪ, ಹಸಿದಿದ್ದಾನೆ," ಅಂದರು ಪುಷ್ಪಾವತಿ, ಎರಡೂ ಕಣ್ಣು ಬಿಟ್ಟು.

ಶಿವಲಿಂಗಯ್ಯ ಪೇಟವನ್ನು ಸುಜಿತ್‌ಗೆ ವರ್ಗಾಯಿಸಲು ಕೈ ಎತ್ತಿದರು. ಬ್ರಿಗ್ಸ್ ಎರಡೂ ಕೈಯಲ್ಲಿ ಅದನ್ನು ಅದುಮಿ ಹಿಡಿದುಕೊಂಡ. ಬಿಸಿಲಿಗೆ ಬಹಳ ತಂಪು ಅಂದ.

ಸುಜಿತ್ ತೆಂಗಿನಕಾಯಿ ಕಂಕುಳಲ್ಲಿಟ್ಟು ಪಕ್ಕಕ್ಕೆ ಸರಿದು ಸ್ಯಾನ್ ಪೀಡ್ರೊಗೆ ಫೋನ್ ಮಾಡಿದ. ಷರತ್ತೋ ಗಿರತ್ತೋ, ಕಾನೂನು ಬಲ್ಲವರನ್ನು ಕೇಳಿದರೆ ಏನಾದರೂ ದಾರಿ ಸಿಕ್ಕೀತು. ಬದುಕಿನಲ್ಲಿ ಮೊದಲ ಸಲ ಆ ಕುರ್ಚಿ ಅವನ ಕಣ್ಣಿಗೆ ಮೆತ್ತಗೆ, ನೆರಳಿನಲ್ಲಿ, ಮೌನವಾಗಿ ಕಾಣಿಸುತ್ತಿತ್ತು.

"ಮಾವ, ಆ ಕುರ್ಚಿ..."

"ಅದರ ಚಿಂತೆ ಬಿಡಿ ಅಳಿಯಂದ್ರೆ!" ಮೋಹನದಾಸರ ದನಿ ಉಬ್ಬಿಹೋಗಿತ್ತು. "ನಿಮಗೆ ಕೆಲಸ ಆಯ್ತು ಅಂತ ಬೆಳಿಗ್ಗೆಯೇ ವಾಟ್ಸ್ಯಾಪಲ್ಲಿ ನೋಡಿದೆ. ಇಷ್ಟು ವರ್ಷ ನಿಮಗೆ ಒತ್ತಾಯ ಮಾಡಿದ್ದು ನನ್ನದೇ ತಪ್ಪು. ಕೂಡಲೇ ನಮ್ಮ ತಂಗಿಯ ಮಗ ಪ್ರವೀಣನನ್ನು ಕರೆದು ಕೂರಿಸಿದೆ."

"ಪ್ಲಾಸ್ಟಿಕ್?"

"ಕಿತ್ತು ಬಿಸಾಡಿ ಆಯ್ತು!"

ಹಿಂದಿನಿಂದ ಶಿವಲಿಂಗಯ್ಯ ಕೂಗಿದರು. "ಸಾಹೇಬ್ರ, ಫೋಟೋ! ಎಲ್ಲಾರೂ ಹತ್ರ ಬರ್ರಿ. ದೊಡ್ಡೋರ್ ನಡುವ ನಿಂದರ್ಲಿ!"

ಸಂಜೆ ವಾಲ್‌ನಟ್‌ಗೆ ವಾಪಸು ಬಂದಾಗ ಶ್ರೀಜಾ ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದಳು. ಬಳಗದ ಗುಂಪಿನಲ್ಲಿ ಆ ಫೋಟೋ ಬಂದಿತ್ತು. ಮಧ್ಯದಲ್ಲಿ ಪೇಟ ಧರಿಸಿದ ಬ್ರಿಗ್ಸ್, ಕೈಯಲ್ಲಿ ಬನ್ಸ್. ಬಲಕ್ಕೆ ಶಿವಲಿಂಗಯ್ಯ, ಎಡಕ್ಕೆ ಎರಡೂ ಕಣ್ಣು ಅರಳಿಸಿದ ಪುಷ್ಪಾವತಿ. ಕೆಳಗೆ "ನಮ್ಮ ಕೋಚ್, ನಮ್ಮ ಹೆಮ್ಮೆ."

"ಇದರಲ್ಲಿ ನೀನೆಲ್ಲಿ?" ಅಂದಳು ಶ್ರೀಜಾ.

ಸುಜಿತ್ ತೆಂಗಿನಕಾಯಿ ಕೆಳಗಿಟ್ಟು, ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ, ಬ್ರಿಗ್ಸ್‌ನ ಅಗಲವಾದ ಬೆನ್ನಿನಾಚೆ, ಚಿತ್ರದ ತೀರಾ ಕೆಳ ಅಂಚಿನಲ್ಲಿ ಒಂದು ಕಡೆ ತೋರಿಸಿದ.

ಫೋಟೋದಲ್ಲಿ ಅವನದು ಒಂದು ಶೂ ಮಾತ್ರ ಬಿದ್ದಿತ್ತು. ಲೇಸಿಲ್ಲದ್ದು.